ತರಗತಿ ತುಂಬಿ ತುಳುಕಬೇಕಾದದ್ದು ಎಳ್ಳ ಅಮಾವಾಸ್ಯೆಗೆ

ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿ ಬೇಸಿಗೆ ಶಿಬಿರಗಳ ಸುಗ್ಗಿ. ಹಕ್ಕಿ ನೋಡುವುದು, ಗಿಡ ನೆಡುವುದು, ಒಣ ಎಲೆ ಅಂಟಿಸಿ ಚಿತ್ರ ಮಾಡುವುದು, ಮರ ಅಪ್ಪಿಕೊಂಡು ಫೋಟೊ ತೆಗೆಸಿಕೊಳ್ಳುವುದು. ಅದೇ ಹೊತ್ತಿಗೆ ಕಲಬುರಗಿ ಸೀಮೆಯಲ್ಲಿ ಹೊರಡುವ ಆದೇಶ ಬೇರೆ: ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಬೇಕು. ಉಷ್ಣಾಂಶ 43, 44 ಡಿಗ್ರಿ ಮುಟ್ಟುವ ಊರಿನಲ್ಲಿ ಹತ್ತು ಗಂಟೆಯ ಮೇಲೆ ದನ ಕೂಡ ಬೇವಿನ ನೆರಳು ಬಿಟ್ಟು ಕದಲುವುದಿಲ್ಲ. ಅಂಥಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ‘ಪ್ರಕೃತಿ ಪಾಠ’ ಮಾಡುತ್ತೇವೆ ಎನ್ನುವುದು ಪ್ರಕೃತಿಯನ್ನೇ ಗಮನಿಸದವರ ಮಾತು.

ಹೀಗಿದ್ದರೂ ನಮ್ಮಲ್ಲಿ ನಿಸರ್ಗ ಶಿಬಿರ ಎಂದರೆ ಇಂದಿಗೂ ಬೇಸಿಗೆ ರಜೆಯೇ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ ಅದು ತಲೆಕೆಳಗಾದ ಲೆಕ್ಕ. ಇಲ್ಲಿನ ಮಣ್ಣು, ಮಳೆ, ಬೆಳೆ ನೋಡಿದವರಿಗೆ ತರಗತಿಯ ಕಾಲ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಿರಗದ ಮಳೆಯಿಂದ ಬಾಗಿಲು ತೆರೆದು, ಹಿಂಗಾರಿ ಬಿತ್ತನೆಯಲ್ಲಿ ಬಿರುಸಾಗಿ, ಎಳ್ಳ ಅಮಾವಾಸ್ಯೆಗೆ ತುಂಬಿ ತುಳುಕಿ, ಜೋಳದ ರಾಶಿಯೊಂದಿಗೆ ಮುಗಿಯುವ ಕಾಲ ಅದು.

ಋತುಮಾನಕ್ಕೆ ತಕ್ಕ ಪಾಠ ಸಸ್ಯೋದ್ಯಾನಗಳಿಗೆ ಹೊಸದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನದಲ್ಲಿ 1914ರಿಂದ ಮಕ್ಕಳ ತೋಟವೊಂದು ನಡೆದುಕೊಂಡು ಬಂದಿದೆ. ಮಕ್ಕಳೇ ಬಿತ್ತಿ, ಕಳೆ ಕಿತ್ತು, ಬೆಳೆದದ್ದನ್ನು ಮನೆಗೆ ಒಯ್ಯುತ್ತಾರೆ. ಅಲ್ಲಿನ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದರಿಂದ ವಸಂತದಲ್ಲಿ ಶುರುಮಾಡುತ್ತಾರೆ. ನಮ್ಮ ಲಾಲ್‌ಬಾಗ್‌ಗೂ ತನ್ನದೇ ಪಂಚಾಂಗವಿದೆ. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ ಇಂದು 240 ಎಕರೆಯ ಸಸ್ಯೋದ್ಯಾನ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಕ್ಕೆ ಫಲಪುಷ್ಪ ಪ್ರದರ್ಶನ. ತಿಂಗಳ ಎರಡನೇ ಭಾನುವಾರ ಗಾಜಿನ ಮನೆಯ ಬಳಿ ಸೇರಿ ಹಕ್ಕಿ ನೋಡುತ್ತಾ ಸುತ್ತುವವರ ಗುಂಪು ದಶಕಗಳಿಂದ ಇದೆ. 2014ರಲ್ಲಿ ಶುರುವಾದ ‘ನೆರಳು’ ಮರಗಳ ಹಬ್ಬ ನಗರದ ಬೀದಿ ಬೀದಿಯ ಮರಗಳನ್ನು ಪರಿಚಯಿಸಿತು. ಇನ್ನೂ ಹಿಂದಕ್ಕೆ ಹೋದರೆ ಜರ್ಮನಿಯಿಂದ ಬಂದ ಗುಸ್ತಾವ್ ಕ್ರುಂಬಿಗಲ್ ಸಿಗುತ್ತಾರೆ. ಒಂದು ಬೀದಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಬೀದಿ ಅರಳಬೇಕು ಎಂದು ಲೆಕ್ಕ ಹಾಕಿ ಮರ ನೆಡಿಸಿದವರೆಂದು ಅವರ ಹೆಸರು ಹೇಳುತ್ತಾರೆ. ಬೆಂಗಳೂರಿನ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ಆ ಹೂಗಳ ಸಾಲು ಜನವರಿಯಿಂದ ಮೇವರೆಗೆ ಮೆರೆಯುತ್ತದೆ, ಅಲ್ಲಿನ ಮಕ್ಕಳಿಗೆ ಆಗಲೇ ಶಿಬಿರವೂ ಸಲ್ಲುತ್ತದೆ.

ಕಲಬುರಗಿಗೆ ಆ ಪಂಚಾಂಗ ಹೊಂದುವುದಿಲ್ಲ. ಇಲ್ಲಿ ವರ್ಷಕ್ಕೆ 700-800 ಮಿಲಿಮೀಟರ್ ಆಸುಪಾಸಿನ ಮಳೆ. ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೇ ಸುರಿದು ಮುಗಿಯುತ್ತದೆ. ಆಮೇಲೆ ಹೊಲ ಬದುಕುವುದು ಎರೆಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆ. ಹಿಂಗಾರಿ ಜೋಳಕ್ಕೆ ಮಳೆಗಿಂತ ಮಂಜೇ ಆಸರೆ ಎಂದು ರೈತರು ಹೇಳುತ್ತಾರೆ, ಆದರೆ ನಿಜವಾದ ಉಗ್ರಾಣ ಕಾಲ ಕೆಳಗಿನ ಆ ಕಪ್ಪು ಮಣ್ಣು. ಹಾಗಾಗಿ ಪಾಠವೂ ಅಲ್ಲಿಂದಲೇ ಶುರುವಾಗಬೇಕು.

ಅದಕ್ಕೊಂದು ಹಬ್ಬವೇ ಇದೆ: ಮಣ್ಣೆತ್ತಿನ ಅಮಾವಾಸ್ಯೆ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಕ್ಕಳು ಹೊಲದಿಂದ, ಹಳ್ಳದ ದಂಡೆಯಿಂದ ಎರೆಮಣ್ಣು ತಂದು ಎತ್ತು ಮಾಡುತ್ತಾರೆ. ಬರೀ ಎರೆಮಣ್ಣಿನ ಎತ್ತು ಬಿಸಿಲಿಗೆ ಒಣಗಿದರೆ ಕಾಲು ಸಂದಿಯಲ್ಲಿ ಬಿರಿಯುತ್ತದೆ. ಸ್ವಲ್ಪ ಹೊಟ್ಟು, ನಾರು ಕಲಸಿದರೆ ನಿಲ್ಲುತ್ತದೆ. ಈ ಮಣ್ಣಿನ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿ ಸೊರಗುತ್ತವೆ. ಮೇ ತಿಂಗಳಲ್ಲಿ ಕೈ ತೂರುವಷ್ಟು ಹೊಲ ಬಾಯಿ ಬಿಡುವುದು ಅದಕ್ಕೇ. ಮೇಲಿನ ಮಣ್ಣು ಆ ಬಿರುಕಿಗೆ ಬಿದ್ದು, ಮಳೆಗೆ ಮತ್ತೆ ಕೂಡಿಕೊಂಡು, ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಕರಗಿ ಆದ ಮಣ್ಣಿದು. ದಕ್ಷಿಣಕ್ಕೆ ಭೀಮೆಯ ಕಡೆ ಬಂದರೆ ಕಲ್ಲೇ ಬದಲಾಗುತ್ತದೆ. ಮನೆಮನೆಯ ಅಂಗಳಕ್ಕೆ ಹಾಸಿದ ಶಹಾಬಾದಿ ಫರ್ಸಿ ಅದಕ್ಕಿಂತ ಎಷ್ಟೋ ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ಲಾಲ್‌ಬಾಗ್‌ನ ಬಂಡೆಯ ಮುಂದೆ ಅದರ ವಯಸ್ಸು ಹೇಳುವ ಫಲಕವಿದೆ. ನಮ್ಮ ಅಂಗಳದ ಫರ್ಸಿಗೆ ಫಲಕ ಬೇಡ. ಅದರ ಮೇಲೆ ಕೂತು ರೊಟ್ಟಿ ತಿನ್ನುವ ಮಕ್ಕಳಿಗೆ ಒಮ್ಮೆ ಯಾರಾದರೂ ಹೇಳಿದರೆ ಸಾಕು.

ಆಗಸ್ಟ್ ಹೊತ್ತಿಗೆ ಪಾಠ ತೊಗರಿ ಹೊಲಕ್ಕೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು, ಅದರ ಸುದ್ದಿ ಎಲ್ಲರಿಗೂ ಗೊತ್ತು. ಬೇರಿನ ಸುದ್ದಿ ಗೊತ್ತಿರುವವರು ಕಡಿಮೆ. ಒಂದೂವರೆ ತಿಂಗಳ ಗಿಡವನ್ನು ಜಗ್ಗಿ ಕೀಳಬಾರದು. ಸುತ್ತ ಮಣ್ಣು ಅಗೆದು, ಹೆಂಟೆಯ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿಟ್ಟು ಮಣ್ಣು ತಾನಾಗಿ ಕರಗಲು ಬಿಡಬೇಕು. ಆಗ ಬೇರಿಗೆ ಅಂಟಿಕೊಂಡ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಕೆಂಪಿನ ಹತ್ತಿರದ ಸಂಬಂಧಿಯಾದ ಒಂದು ಪದಾರ್ಥ ಅಲ್ಲಿದೆ. ಒಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂಬುದಕ್ಕೆ ಆ ಬಣ್ಣವೇ ಗುರುತು. ಹಸಿರೋ ಕಂದೋ ಇದ್ದರೆ ಗಂಟಿನ ಕೆಲಸ ಮುಗಿದಿದೆ. ಎರೆಭೂಮಿಯಲ್ಲಿ ಇನ್ನೊಂದು ತಮಾಷೆಯೂ ಇದೆ. ಎಷ್ಟೋ ಗಂಟುಗಳು ಒಳಗೆ ಪೊಳ್ಳಾಗಿರುತ್ತವೆ. ರಿವೆಲಿಯಾ ಎಂಬ ನೊಣದ ಮರಿ ಅದನ್ನು ಕೊರೆದು ತಿಂದಿರುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಗಂಟು ಯಾವಾಗಲೂ ದುಂಡಗೆ ತುಂಬಿಕೊಂಡಿರುತ್ತದೆ. ಹೊಲದಲ್ಲಿ ಅರ್ಧ ಪೊಳ್ಳು. ಈ ಅರ್ಧ ಪೊಳ್ಳನ್ನು ಕಂಡ ಹುಡುಗಿ ಮುಂದೆ ಕೇಳುವ ಪ್ರಶ್ನೆಗಳು ಚಿತ್ರ ಬಿಡಿಸಿ ಹೆಸರು ಬರೆದವಳು ಕೇಳುವುದಕ್ಕಿಂತ ಬೇರೆಯಾಗಿರುತ್ತವೆ.

ಪಕ್ಕದಲ್ಲೇ ನೆಟೆ ಹತ್ತಿದ ಗಿಡ ಸಿಗುತ್ತದೆ. ಸುತ್ತಲಿನವು ಹಸಿರಾಗಿರುವಾಗ ಅದೊಂದೇ ಸೊಪ್ಪು ಜೋತು ಬಿದ್ದು ನಿಂತಿರುತ್ತದೆ. ಕಾಂಡ ಉದ್ದಕ್ಕೆ ಸೀಳಿದರೆ ನೀರು ಹರಿಯುವ ನಾಳ ಕಪ್ಪಾಗಿರುವುದು ಕಾಣುತ್ತದೆ. ನೆಲದೊಳಗಿನ ಬೂಷ್ಟು ಅಲ್ಲಿಗೆ ಹೊಕ್ಕು ದಾರಿ ಮುಚ್ಚಿದೆ. ನೀರಿದ್ದೂ ಬಾಯಾರಿ ಸಾಯುವ ಗಿಡ. 1980ರ ದಶಕದಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್‌ನಿಂದ ಬಂದ ‘ಮಾರುತಿ’ ತಳಿ, ಆಮೇಲೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಿದ್ಧವಾದ ‘ಟಿಎಸ್-3ಆರ್’ ಈ ರೋಗ ತಡೆದುಕೊಳ್ಳುವ ಗುಣಕ್ಕೇ ಹೆಸರಾದವು. ಆಳಂದ ರಸ್ತೆಯಲ್ಲಿರುವ ಆ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಎರಡೂ ರೈತರಿಗೆ ತರಬೇತಿ ಕೊಡುತ್ತವೆ. ರೈತರ ಮಕ್ಕಳಿಗೂ ವರ್ಷಕ್ಕೆ ನಾಲ್ಕು ದಿನ ಆ ತಾಕುಗಳ ನಡುವೆ ಓಡಾಡಲು ಬಿಟ್ಟರೆ ಅದಕ್ಕಿಂತ ಒಳ್ಳೆಯ ಸಸ್ಯೋದ್ಯಾನ ಈ ಭಾಗಕ್ಕೆ ಬೇಕಿಲ್ಲ.

ದಸರೆಗೆ ಇನ್ನೊಂದು ಸಣ್ಣ ಪಾಠ. ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನುತ್ತೇವಲ್ಲ, ಕೈಗೆ ಬಂದ ಎಲೆಯನ್ನು ಬಿಡಿಸಿ ನೋಡಬೇಕು. ಬನ್ನಿಯಾದರೆ ಹುಣಸೆಯಂತೆ ಸಣ್ಣ ಸಣ್ಣ ಎಲೆಗಳ ಸಾಲು, ಕಡ್ಡಿಗೆ ಮುಳ್ಳು. ಆಳಂದದಿಂದ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರೆ ಅದೇ ದಿನ ಬಂಗಾರವೆಂದು ಹಂಚುವುದು ಆಪ್ಟಾ ಎಲೆ. ಗೊರಸಿನ ಹಾಗೆ ನಡುವೆ ಸೀಳಿದ, ದಪ್ಪನೆಯ, ಎರಡು ಹೋಳಿನ ಎಲೆ. ಗಡಿಯೂರಿನ ಒಂದೇ ತರಗತಿಯಲ್ಲಿ ಎರಡೂ ಬಂದು ಬಿದ್ದರೆ ಸಸ್ಯ ಗುರುತಿಸುವ ಪಾಠಕ್ಕೆ ಬೇರೆ ಮಾದರಿ ಹುಡುಕಬೇಕಾಗಿಲ್ಲ.

ಇನ್ನು ಎಳ್ಳ ಅಮಾವಾಸ್ಯೆ. ಡಿಸೆಂಬರ್ ಕೊನೆ, ಇಲ್ಲವೇ ಜನವರಿಯ ಮೊದಲ ಭಾಗದಲ್ಲಿ ಬರುವ ಈ ದಿನ ಕಲಬುರಗಿ ಪೇಟೆಯೇ ಬರಿದಾಗುತ್ತದೆ. ಬಂಡಿ, ಟ್ರ್ಯಾಕ್ಟರ್, ಟಂಟಂ, ಮೋಟಾರು ಬೈಕು, ಯಾವುದು ಸಿಕ್ಕರೆ ಅದರಲ್ಲಿ ಜನ ಹೊಲ ಸೇರುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದು ಉಣ್ಣಿಸುತ್ತಾರೆ. ಬನ್ನಿ ಗಿಡದ ಬುಡಕ್ಕೆ, ಪಾಂಡವರೆಂದು ಇಟ್ಟ ಐದು ಕಲ್ಲುಗಳಿಗೆ ಪೂಜೆ ಮಾಡಿ, ಬೆಳೆಯ ನಡುವೆ ನಡೆಯುತ್ತಾ ಚರಗ ಚೆಲ್ಲುತ್ತಾರೆ. ಗಡಿಯಾಚೆ ಲಾತೂರ್, ಧಾರಾಶಿವ ಕಡೆ ಇದೇ ವೇಳ ಅಮಾವಾಸ್ಯೆ. ತೊಗರಿ ಕಾಯಿ ಗಟ್ಟಿಯಾಗಿದೆ, ಕಡಲೆ ಹೂ ಕಾಯಿ ಕಟ್ಟಿದೆ, ಜೋಳ ಎದೆಮಟ್ಟಕ್ಕೆ ನಿಂತಿದೆ, ಕುಸುಬೆ ಮುಳ್ಳು ಬಿಡುತ್ತಿದೆ, ಬಿಸಿಲು ಹಿತವಾಗಿದೆ. ವರ್ಷದಲ್ಲಿ ಇಷ್ಟು ಬಗೆಯ ಸಸ್ಯ ಒಟ್ಟಿಗೆ ಕಣ್ಣಿಗೆ ಬೀಳುವ ದಿನ ಇನ್ನೊಂದಿಲ್ಲ. ಜನರನ್ನು ಹೊರಗೆ ಕರೆತರಲು ಕರಪತ್ರ ಹಂಚುವ ಕಷ್ಟವೂ ಇಲ್ಲ, ಅವರೇ ಬಂದು ಕೂತಿರುತ್ತಾರೆ.

ಅಂದಿನ ಊಟದಲ್ಲಿ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಇರಲಿ. ಪಾಠಕ್ಕೆ ಬೇಕಾದದ್ದು ಭಜ್ಜಿ. ಇದು ಎಣ್ಣೆಯಲ್ಲಿ ಕರಿದ ಭಜಿಯಲ್ಲ. ಹಿಂದಿನ ದಿನವೇ ಮನೆ ತುಂಬ ಹೆಣ್ಣುಮಕ್ಕಳು ಕೂತು ಬಿಡಿಸಿದ ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ. ಮೆಂತ್ಯ, ಪಾಲಕ್, ಪುಂಡಿ, ಉಳ್ಳಾಗಡ್ಡಿ ತಪ್ಪಲು. ಬದನೆ, ಗಜ್ಜರಿ, ಹುಣಸೆ, ಕೆಲವು ಮನೆಗಳಲ್ಲಿ ಬಾರಿಹಣ್ಣೂ. ಎಲ್ಲ ಕುದಿಸಿ ಕಡಲೆಹಿಟ್ಟು, ಮಜ್ಜಿಗೆ ಹಾಕಿ ಮುದ್ದೆಯಂತೆ ಮಾಡಿದ ಪಲ್ಲೆ. ಅದರಲ್ಲಿ ಏನೇನಿದೆ ಎಂದು ಮಕ್ಕಳಿಗೆ ಪಟ್ಟಿ ಮಾಡಲು ಹೇಳಿ. ಆಮೇಲೆ ಬೇಯಿಸದ ಒಂದೊಂದು ತುಂಡನ್ನೂ ಫರ್ಸಿಯ ಮೇಲೆ ಸಾಲಾಗಿ ಇಟ್ಟು, ಯಾವುದು ಬೇರು, ಯಾವುದು ಎಲೆ, ಯಾವುದು ಬೀಜ ಎಂದು ಬೇರೆ ಮಾಡಿಸಿ. ಕೊನೆಗೆ ಬಳಗ ಹುಡುಕಿಸಿ. ತೊಗರಿ, ಕಡಲೆ, ಅವರೆ, ಬಟಾಣಿ ಒಂದೇ ಮನೆತನ ಎಂದು ಯಾರಾದರೂ ಹೇಳುತ್ತಾರೆ. ಆದರೆ ಅಂಗೈ ಎತ್ತರದ ಮೆಂತ್ಯ ಸೊಪ್ಪಿಗೂ ಊರ ಮುಂದಿನ ಮುದಿ ಹುಣಸೆ ಮರಕ್ಕೂ ಅದೇ ಮನೆತನ ಎಂದರೆ ನಂಬುವುದು ಕಷ್ಟ. ಎರಡರ ಕಾಯಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಶೇಂಗಾ ಕೂಡ ಅದೇ ಬಳಗ. ಅದರ ವಿಚಿತ್ರವೆಂದರೆ ಹೂ ಮೇಲೆ ಬಿಟ್ಟು, ಹೂ ಬಾಡಿದ ಮೇಲೆ ಒಂದು ಮೊಳೆಯಂಥ ಕಡ್ಡಿ ಕೆಳಗಿಳಿದು ಮಣ್ಣು ಹೊಕ್ಕು ಕಾಯಿ ಕಟ್ಟುತ್ತದೆ. ಅದನ್ನು ಬೇರು ಎಂದುಕೊಂಡೇ ದೊಡ್ಡವರಾದವರು ಬಹಳ ಮಂದಿ. ಪಾಲಕ್ ಬೇರೆ ಕುಲ, ಪುಂಡಿ ದಾಸವಾಳದ ಕಡೆಯದು, ಬದನೆ ಟೊಮೆಟೊದ ದಾಯಾದಿ.

ಇದನ್ನು ಹೇಳಿಕೊಡಲು ಸಸ್ಯಶಾಸ್ತ್ರದ ಒಬ್ಬ ಅಧ್ಯಾಪಕರು ಬೇಕು ನಿಜ, ಆದರೆ ಅವರೊಬ್ಬರೇ ಸಾಲದು. ಕಳೆ ಕೀಳಲು ಹೋಗುವ ಹೆಂಗಸರಿಗೆ ಬಿತ್ತದೆ ಹುಟ್ಟಿದ ತಪ್ಪಲುಗಳ ಗುರುತು ಇರುವಷ್ಟು ಪುಸ್ತಕ ಓದಿದವರಿಗೆ ಇಲ್ಲ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ ಯಾವುದು, ಅದರಂತೆಯೇ ಕಂಡು ಬಾಯಿ ಕಹಿ ಮಾಡುವುದು ಯಾವುದು, ಯಾವ ಪಲ್ಲೆ ಹೂ ಬಿಟ್ಟ ಮೇಲೆ ತಿನ್ನಬಾರದು, ಇದೆಲ್ಲ ಅವರ ಕೈಬೆರಳಿನಲ್ಲಿದೆ. ತರಗತಿಗೆ ಅಂಥ ಒಬ್ಬ ಅವ್ವನನ್ನು ಕರೆಸಿ ಅಂದಿನ ಕೂಲಿ ಕೊಡಬೇಕು. ಸನ್ಮಾನದ ಶಾಲು ಬೇಡ. ಕಲಬುರಗಿ ಜಿಲ್ಲೆಯ ಸಸ್ಯಗಳನ್ನು ಪಟ್ಟಿ ಮಾಡಿದ ದೊಡ್ಡ ಗ್ರಂಥ 2000ನೇ ಇಸವಿಯಲ್ಲೇ ಬಂದಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ವೈ.ಎನ್. ಸೀತಾರಾಮ್ ಮತ್ತು ಅವರ ಸಂಗಡಿಗರು ಊರೂರು ತಿರುಗಿ ಮಾಡಿದ ಕೆಲಸ ಅದು. ಆದರೆ ಅದು ಇರುವುದು ಇಂಗ್ಲಿಷಿನಲ್ಲಿ. ಆ ಗ್ರಂಥದ ತಿಳಿವಳಿಕೆಯೂ ಈ ಅವ್ವಂದಿರ ತಿಳಿವಳಿಕೆಯೂ ಒಂದೇ ಹೊಲದಲ್ಲಿ ಮುಖಾಮುಖಿಯಾಗುವ ದಿನ ಬೇಕಾದರೆ ಎಳ್ಳ ಅಮಾವಾಸ್ಯೆಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ಅಫಜಲಪುರದವರಿಗೆ ಇನ್ನೊಂದು ತರಗತಿ ಕೋಣೆ ದೇವಲ ಗಾಣಗಾಪುರದ ಸಂಗಮದಲ್ಲಿದೆ. ಆಳಂದ ತಾಲ್ಲೂಕಿನಿಂದ ಹರಿದು ಬರುವ ಅಮರ್ಜಾ ಅಲ್ಲಿ ಭೀಮೆಯನ್ನು ಸೇರುತ್ತದೆ. ಸ್ನಾನ ಮುಗಿಸಿದ ಭಕ್ತರು ಔದುಂಬರದ ನೆರಳಿನಲ್ಲಿ ಗುರುಚರಿತ್ರೆಯ ಪಾರಾಯಣಕ್ಕೆ ಕೂರುತ್ತಾರೆ. ಔದುಂಬರವೆಂದರೆ ನಮ್ಮ ಅತ್ತಿ ಮರ. ಪೂಜೆಯ ಮರವನ್ನು ಮುಟ್ಟುವುದು ಬೇಡ. ಹಳ್ಳದ ದಂಡೆಯ ಬೇರೆ ಅತ್ತಿ ಮರ ಹುಡುಕಿ, ಬೊಡ್ಡೆಗೇ ಗೊಂಚಲಾಗಿ ಅಂಟಿದ ಕಾಯೊಂದನ್ನು ಸೀಳಿ ನೋಡಬಹುದು. ಅತ್ತಿ ಹಣ್ಣು ಮೇಲೆ ಚೆಂದ, ಒಳಗೆ ಹುಳ ಎಂಬ ಮಾತನ್ನು ಜನರನ್ನು ಹಳಿಯಲು ಬಳಸುತ್ತೇವೆ. ಪಾಪ, ಆ ಹುಳಕ್ಕೆ ಅನ್ಯಾಯ. ನಾವು ಕಾಯಿ ಎನ್ನುವುದು ನಿಜಕ್ಕೂ ಒಳಮುಖವಾಗಿ ಅರಳಿದ ನೂರಾರು ಹೂಗಳ ಒಂದು ಬುಟ್ಟಿ. ತುದಿಯ ಸಣ್ಣ ಕಿಂಡಿಯಿಂದ ಎಳ್ಳಿಗಿಂತ ಚಿಕ್ಕದಾದ ಕಣಜ ನುಸುಳಿ, ತಂದ ಪರಾಗ ಬಿಟ್ಟು, ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಅದು ಬಾರದಿದ್ದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಮುಂದಿನ ಔದುಂಬರವಿಲ್ಲ.

ಜೇವರ್ಗಿಯ ಕಡೆ ನನಗೆ ಬಹಳ ಇಷ್ಟವಾಗುವುದು ಹಕ್ಕಿಗಳ ತಿಂಗಳು. ಜನವರಿ, ಫೆಬ್ರುವರಿಯಲ್ಲಿ ಮಾಲ್ದಂಡಿ ಜೋಳದ ತೆನೆ ಹಾಲುಗಟ್ಟಿ ಸೀತನಿ ಸುಡುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಹೊಲದ ಮೇಲೆ ಹೊಗೆಯಂತೆ ಎದ್ದು ಮತ್ತೆ ಕೂರುತ್ತದೆ. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮರಿ ಮಾಡಿ, ಚಳಿಗೆ ಇಲ್ಲಿಗೆ ಬಂದು, ಏಪ್ರಿಲ್ ಒಳಗೆ ವಾಪಸಾಗುವ ಅತಿಥಿಗಳು. ಬೆಳೆಗಾರನಿಗೆ ಇವು ಕವಣೆ ಬೀಸಿ ಓಡಿಸಬೇಕಾದ ಕಳ್ಳರು. ಆದರೆ ಮಿಡತೆ ತಿನ್ನುವುದರಲ್ಲೂ ಇವು ಎತ್ತಿದ ಕೈ. ಎರಡೂ ಮಾತು ನಿಜ, ಮಕ್ಕಳಿಗೆ ಎರಡನ್ನೂ ಹೇಳಬೇಕು. ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ಮನೆಯ ಸುತ್ತಮುತ್ತಲ ಹಕ್ಕಿ ಎಣಿಸುವ ರೂಢಿಯಿದೆ, ಭಾರತವೂ ಸೇರಿದೆ. ಸೀತನಿ ತಿನ್ನುತ್ತಾ ಎಣಿಸುವ ಅವಕಾಶ ಇರುವುದು ನಮಗೆ ಮಾತ್ರ.

ರಸ್ತೆ ಬದಿಯ ಎಕ್ಕೆ ಗಿಡಕ್ಕೆ ಕಾಲದ ಹಂಗಿಲ್ಲ. ಎಲೆಯ ಅಡಿ ತಿರುಗಿಸಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳು ಕಾಣಸಿಗುತ್ತದೆ. ಮುಂದೆ ಅದೇ ಕೇಸರಿ ಬಣ್ಣದ ಚಿಟ್ಟೆಯಾಗುವುದು. ವಿಷದ ಹಾಲು ಕುಡಿದೇ ಬೆಳೆಯುವ ಹುಳ, ಅದಕ್ಕೇ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಆ ಹಾಲು ಕಣ್ಣಿಗೆ ತಾಗಿದರೆ ಅಪಾಯ ಎಂದು ಮೊದಲೇ ಎಚ್ಚರಿಸಿ, ಕೈ ತೊಳೆಸಬೇಕು.

ಹಾಗಾದರೆ ಏಪ್ರಿಲ್, ಮೇನಲ್ಲಿ ಏನೂ ಬೇಡವೇ? ಬೆಳಿಗ್ಗೆ ಆರರಿಂದ ಎಂಟರ ಒಳಗೆ ಒಂದು ಕೆಲಸ ಮಾಡಬಹುದು: ಮನೆ ಮುಂದಿನ ಒಂದು ಮರವನ್ನು ವಾರಕ್ಕೊಮ್ಮೆ ನೋಡಿ ಬರೆದಿಡುವುದು. ಚಿಗುರು ಎಷ್ಟು, ಮೊಗ್ಗು ಇದೆಯೇ, ಕಾಯಿ ಉದುರಿತೇ. ‘ಸೀಸನ್‌ವಾಚ್’ ಎಂಬ ರಾಷ್ಟ್ರೀಯ ಯೋಜನೆ ಶಾಲಾಮಕ್ಕಳಿಂದಲೇ ಇಂಥ ದಾಖಲೆ ಸಂಗ್ರಹಿಸುತ್ತಿದೆ. ಕೇರಳದ ಶಾಲೆಗಳು ಅದರಲ್ಲಿ ಬಹಳ ಮುಂದಿವೆ. ಬೇವು, ಹುಣಸೆ ಅದರ ಪಟ್ಟಿಯಲ್ಲಿವೆ. ಯುಗಾದಿಗೆ ಬೇವಿನ ಹೂ ಸಿಕ್ಕಿತೋ ಇಲ್ಲವೋ ಎಂಬುದು ಇಲ್ಲಿ ಪ್ರತಿ ಮನೆಗೂ ಗೊತ್ತಿರುವ ಸಂಗತಿ. ಇಷ್ಟು ವರ್ಷ ಯಾರೂ ಬರೆದಿಟ್ಟಿಲ್ಲ, ಅಷ್ಟೇ.

ಜಾಗದ ಕೊರತೆ ಎನ್ನುವಂತಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ನೂರಾರು ಎಕರೆಯ ಬಯಲಿನಲ್ಲಿ. ಒಣಭೂಮಿಯ ಮರಗಿಡಗಳದ್ದೇ ಒಂದು ಸಾರ್ವಜನಿಕ ಸಸ್ಯೋದ್ಯಾನ ಮಾಡಿ, ಮೂರು ತಾಲ್ಲೂಕಿನ ಮಕ್ಕಳಿಗೆ ತೆರೆದಿಡಲು ಅದಕ್ಕಿಂತ ತಕ್ಕ ನೆಲ ಬೇರೆಲ್ಲಿದೆ? ಹುಲ್ಲುಹಾಸು, ಕಾರಂಜಿ, ಅಲಂಕಾರದ ತಾಳೆ ಬೇಡ. ಬನ್ನಿ, ಕರಿಜಾಲಿ, ಮುತ್ತಲ, ಬಾರಿ, ತಂಗಡಿ ಸಾಕು. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾಡು ಎಂದರೆ ಇನ್ನೊಂದು ತುದಿಯ ಚಿಂಚೋಳಿ, 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ. ಹೋಗಿ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಜೇವರ್ಗಿಯಿಂದ ಚಿಂಚೋಳಿಗೆ ಒಂದು ಬಸ್ಸಿಗೆ ಸುರಿಯುವ ಡೀಸೆಲ್ ಖರ್ಚಿನಲ್ಲಿ ಊರ ಪಕ್ಕದ ಹೊಲದಲ್ಲಿ ಎಷ್ಟೋ ತರಗತಿ ನಡೆದುಬಿಡುತ್ತವೆ.

ಹೊಲದ ತರಗತಿಗೆ ಅದರದೇ ಕಟ್ಟುಪಾಡು ಬೇಕು. ಮೊದಲನೆಯದು ಔಷಧಿ. ನವೆಂಬರ್, ಡಿಸೆಂಬರಿನಲ್ಲಿ ಕಾಯಿಕೊರಕ ಹುಳಕ್ಕೆ ತೊಗರಿಗೆ ಸಿಂಪಡಣೆ ಜೋರಾಗಿರುತ್ತದೆ. ಹಿಂದೆ ಗಿಡದ ಬುಡಕ್ಕೆ ತಾಡಪಾಲು ಹಾಸಿ, ಗಿಡ ಅಲುಗಿಸಿ, ಬಿದ್ದ ಹುಳಗಳನ್ನು ಆರಿಸಿ ಕೊಲ್ಲುತ್ತಿದ್ದರು. ಕೂಲಿ ದುಬಾರಿಯಾಗಿ ಆ ರೂಢಿ ಕಡಿಮೆಯಾಗಿದೆ. ಮಕ್ಕಳು ಹೊಲಕ್ಕೆ ಬಂದ ಕೂಡಲೇ ಹಸಿ ತೊಗರಿ ಕಾಯಿ ಕಿತ್ತು ಬಾಯಿಗೆ ಹಾಕುವುದು ಖಂಡಿತ. ಆದ್ದರಿಂದ ಹೊಲದ ಒಡೆಯರನ್ನು ಮೊದಲೇ ಕಂಡು, ಕೊನೆಯ ಸಿಂಪಡಣೆ ಎಂದು ಆಯಿತು, ಡಬ್ಬಿಯ ಮೇಲೆ ಎಷ್ಟು ದಿನ ಬಿಡಬೇಕೆಂದು ಬರೆದಿದೆ ಎಂದು ಕೇಳಿ ಬರೆದುಕೊಂಡು, ಆ ದಿನ ಕಳೆದ ಮೇಲಷ್ಟೇ ದಿನ ಗೊತ್ತುಮಾಡಬೇಕು. ಕಾಲಿಗೆ ಚಪ್ಪಲಿಯಲ್ಲ, ಬೂಟು. ಎರೆಯ ಬಿರುಕಿನಲ್ಲಿ ಹಾವು ಇರುತ್ತದೆ. ಕುಡಿಯುವ ನೀರು ಶಾಲೆಯಿಂದಲೇ ಬರಬೇಕು. ಭಜ್ಜಿಯನ್ನು ಮಾತ್ರ ಹೊಲದವರು ಬೇಡವೆಂದರೂ ಬಿಡುವುದಿಲ್ಲ, ತಟ್ಟೆಗಳನ್ನು ಎಣಿಸಿ ಒಯ್ಯಿರಿ.